ಕಾಲ್ಗುಣದ ಮಾತು ಸಾಕು

ನಮ್ಮ ಬೀದಿಯ ಸೊಸೆಯೊಬ್ಬಳ ಮಗನಿಗೆ ಕುರು, ಜ್ವರ ಬಿಡಲೇ ಇಲ್ಲ. "ಇವಳ ಕಾಲ್ಗುಣ" ಎಂದರು ಅತ್ತೆ. ರಕ್ತಪರೀಕ್ಷೆಯಾದ ಮೇಲೆ, "ನೋಡಿದಿರಾ, ದೋಷ ಇವಳದ್ದೇ!" ಎಂದರು.

ರೋಗದ ಹೆಸರು ಕ್ರಾನಿಕ್ ಗ್ರಾನುಲೊಮೆಟಸ್ ಡಿಸೀಸ್. ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗುತ್ತವೆ, ಕೊಲ್ಲಲಾರವು. ಒಳಗೆಲ್ಲ ಉರಿಯೂತ, ಗಂಟು. ಹಲವು ಗಂಡುಮಕ್ಕಳಿಗೆ ಇದು ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುವುದು ನಿಜ. ಅವಳೇನು ಬೇಡಿ ತಂದಳೇ? ಇನ್ನು ಕೆಲವರಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ. ಅಲ್ಲಿ ಅಪ್ಪನ ಕಾಲ್ಗುಣದ ಮಾತನ್ನು ಯಾರೂ ಎತ್ತುವುದಿಲ್ಲ!

ಎಕ್ಸ್ ವರ್ಣತಂತುವಿನ ಆ ಜೀನನ್ನು ವಿಜ್ಞಾನಿಗಳು 1986ರಲ್ಲೇ ಪತ್ತೆಮಾಡಿದರು. ನಾವಿನ್ನೂ ಸೊಸೆಯ ಪಾದ ನೋಡುತ್ತಿದ್ದೇವೆ. ದಿನವೂ ತಪ್ಪದೆ ಮಾತ್ರೆ ಕೊಟ್ಟರೆ ಸೋಂಕು ತಗ್ಗುತ್ತದೆ; ಹೊಂದುವ ಅಸ್ಥಿಮಜ್ಜೆ ಸಿಕ್ಕರೆ ಗುಣವೂ ಆಗಬಹುದು. ಆ ಓಡಾಟಕ್ಕೆ ತಾಯಿಗೆ ಬೇಕಾದದ್ದು ಮನೆಯವರ ಬಲ, ಬೈಗುಳವಲ್ಲ.