ಸೋಲನ್ನು ಶನಿಯ ಖಾತೆಗೆ ಬರೆಯಬೇಡಿ

ಲಂಡನ್ನಿನಲ್ಲಿ ಕನ್ನಡದ ನಾಲ್ಕು ಮನೆಯವರು ಸೇರಿದರೆ ಊಟ ಮುಗಿದ ಮೇಲೆ ಇತಿಹಾಸ ಶುರುವಾಗುತ್ತದೆ. ಈಚೆಗೆ ಅದರ ಜೊತೆ ಪಂಚಾಂಗವೂ ಬರುತ್ತಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದು ಅಷ್ಟಮ ಶನಿಯಿಂದ, ಕೋಟೆಗೆ ನುಗ್ಗಿದ ಡೇವಿಡ್ ಬೇರ್ಡ್ ತೀರಿಸಿಕೊಂಡದ್ದು ಹಿಂದಿನ ಜನ್ಮದ ಹಗೆ, ಮೀರ್ ಸಾದಿಕ್ ಈಗಲೂ ಎಲ್ಲೋ ಮತ್ತೆ ಹುಟ್ಟಿ ಓಡಾಡುತ್ತಿದ್ದಾನೆ! ಹೀಗೆ ಹೇಳುವವರು ಓದಿದವರೇ, ಡಾಕ್ಟರುಗಳು, ಇಂಜಿನಿಯರುಗಳು. ನಾನು ಬಿಕಾಂ, ಸಿಎ ಮಾಡಿದ ಲೆಕ್ಕಿಗ. ಮದುವೆಗೆ ಮುಹೂರ್ತ ನೋಡುವವರ ತಂಟೆಗೆ ಹೋಗುವವನಲ್ಲ. ಆದರೆ ಯುದ್ಧದ ನಷ್ಟವನ್ನು ಗ್ರಹಗಳ ಖಾತೆಗೆ ಬರೆದರೆ ಸಹಿ ಹಾಕಲಾರೆ.

ಅವರ ಅತಿ ಬಲವಾದ ಸಾಕ್ಷಿಯನ್ನೇ ಮೊದಲು ನೋಡೋಣ. ಮೇ 4 ಕೆಟ್ಟ ದಿನವೆಂದು ಜ್ಯೋತಿಷಿಗಳು ಟಿಪ್ಪುವಿಗೆ ಹೇಳಿದ್ದರು. ಅಂದು ಬೆಳಗ್ಗೆ ಆತ ಆನೆ, ಕರಿಯ ಎತ್ತು, ಎಣ್ಣೆ ತುಂಬಿದ ಕಬ್ಬಿಣದ ಪಾತ್ರೆ ದಾನ ಕೊಟ್ಟದ್ದನ್ನು ಇಂಗ್ಲಿಷರೇ ಬರೆದಿಟ್ಟಿದ್ದಾರೆ. “ನೋಡಿ, ಹೇಳಿದ್ದು ನಿಜವಾಯಿತಲ್ಲ” ಅನ್ನುತ್ತಾರೆ ನಮ್ಮವರು. ಸ್ವಾಮಿ, ಅಷ್ಟು ಹೊತ್ತಿಗೆ ಫಿರಂಗಿಗಳು ಕೋಟೆಯ ಗೋಡೆಯನ್ನು ಒಡೆದಾಗಿತ್ತು. ಗೋಡೆ ಬಿದ್ದ ಮನೆಗೆ ದಿನ ಚೆನ್ನಾಗಿಲ್ಲ ಅನ್ನಲು ಪಂಚಾಂಗ ಬೇಕೆ?

ಮುತ್ತಿಗೆ ಹಾಕಿದವರ ಪುಸ್ತಕ ತೆರೆಯಿರಿ. ಏಪ್ರಿಲ್ 16ರಂದು ಜನರಲ್ ಹ್ಯಾರಿಸ್‌ನ ಪಡೆ ದಾಸ್ತಾನು ಲೆಕ್ಕ ಹಾಕಿದಾಗ ಸಿಪಾಯಿಗಳಿಗೆ ಉಳಿದಿದ್ದದ್ದು ಸುಮಾರು 18 ದಿನದ ಅಕ್ಕಿ. ಕೂಡಿಸಿ ನೋಡಿ, ಮೇ 4ಕ್ಕೆ ಬಂದು ನಿಲ್ಲುತ್ತದೆ. ಮಳೆ ಹಿಡಿದು ಕಾವೇರಿ ತುಂಬಿದರೆ ದಾಟುವಂತೆಯೂ ಇರಲಿಲ್ಲ. 1791ರ ಮೇ ತಿಂಗಳಲ್ಲಿ ಇದೇ ಕೋಟೆಯ ಹತ್ತಿರ ಬಂದಿದ್ದ ಕಾರ್ನ್‌ವಾಲಿಸ್, ಎತ್ತುಗಳು ಸತ್ತು, ದವಸ ತೀರಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ್ದ. ಮರುವರ್ಷ ಮತ್ತೆ ಬಂದು ಗೆದ್ದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಏಳು ವರ್ಷದ ನಂತರ ಬಿದ್ದದ್ದು ಆ ಅರ್ಧ ರಾಜ್ಯ. ಇದರಲ್ಲಿ ಶನಿಗೆ ಯಾವ ಕಾಲಂ ಕೊಡೋಣ?

ಅಂದು ಅದೇ ಆಕಾಶ ಬೇರ್ಡ್‌ನ ತಲೆಯ ಮೇಲೂ ಇತ್ತು. “ಅವನ ಜಾತಕ ಬೇರೆ” ಅನ್ನುತ್ತೀರಿ. ಸರಿ, ಟಿಪ್ಪುವಿನ ಜಾತಕ ಯಾವುದು? ಹುಟ್ಟಿದ್ದು 1750ರ ನವೆಂಬರ್ 20 ಎಂದು ಕೆಲವರು, 1751ರ ಡಿಸೆಂಬರ್ 1 ಎಂದು ಕೆಲವರು. ವರ್ಷವೇ ಗಟ್ಟಿಯಿಲ್ಲದ ಕಡೆ ಲಗ್ನ ಎಲ್ಲಿಂದ ಬಂತು? ಸೋಲು ಗೊತ್ತಾದ ಮೇಲೆ ಕುಂಡಲಿ ಬರೆಯುವುದಕ್ಕೆ ನಮ್ಮ ಕಸುಬಿನಲ್ಲಿ ಹಿಂದಿನ ತಾರೀಕು ಹಾಕಿದ ವೋಚರ್ ಅನ್ನುತ್ತಾರೆ. ಇನ್ನು ಬೇರ್ಡ್‌ನ ಹಗೆಗೆ ಹಿಂದಿನ ಜನ್ಮ ಬೇಕಾಗಿರಲಿಲ್ಲ. 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕು ಈ ಜನ್ಮದಲ್ಲೇ ಮೂರು ವರ್ಷಕ್ಕೂ ಮೇಲೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ.

ಪುನರ್ಜನ್ಮವನ್ನು ನಿಜವಾಗಿ ನಂಬಿದ ಸೇನಾನಿಯೊಬ್ಬ ನಮ್ಮ ಲಂಡನ್ನಿನಲ್ಲೇ ಇದ್ದ: 1940ರ ಬ್ರಿಟನ್ ವಾಯುಸಮರ ನಡೆಸಿದ ಹ್ಯೂ ಡೌಡಿಂಗ್. ನಮ್ಮವರು ದಟ್ಟವಾಗಿರುವ ಹ್ಯಾರೋದಲ್ಲಿ, ಸ್ಟ್ಯಾನ್‌ಮೋರಿನ ಬೆಂಟ್ಲಿ ಪ್ರಯರಿಯಲ್ಲಿ ಅವನ ಕಚೇರಿಯಿತ್ತು. ಪರಲೋಕದ ಬಗ್ಗೆ ಪುಸ್ತಕಗಳನ್ನೇ ಬರೆದ. ಆದರೆ 1940ರ ಮೇ 16ರಂದು, ಫ್ರಾನ್ಸಿಗೆ ಇನ್ನಷ್ಟು ವಿಮಾನ ಕಳಿಸಬೇಡಿ ಎಂದು ಸರ್ಕಾರಕ್ಕೆ ಬರೆದ ಪತ್ರದಲ್ಲಿ ಅವನು ಎಣಿಸಿದ್ದು ಜನ್ಮಗಳನ್ನಲ್ಲ. ದೇಶ ಕಾಯಲು 52 ಸ್ಕ್ವಾಡ್ರನ್ ಬೇಕು ಅಂದಿದ್ದಿರಿ, ಈಗಿರುವುದು 36ಕ್ಕೆ ಸಮ ಎಂದ. ರೇಡಾರ್, ವೀಕ್ಷಕರು, ಟೆಲಿಫೋನು, ಪ್ರತಿ ಸುದ್ದಿಯನ್ನೂ ಜರಡಿ ಹಿಡಿಯುವ ಕೋಣೆ, ಇವನ್ನು ನೆಚ್ಚಿ ಯುದ್ಧ ನಡೆಸಿದ. ಆ ಸಮರದಲ್ಲಿ ಅವನ ಪಡೆಯ 544 ಮಂದಿ ಸತ್ತರು. ನಂಬಿಕೆಯನ್ನು ಮನೆಯಲ್ಲಿಟ್ಟು ಲೆಕ್ಕವನ್ನು ಕಚೇರಿಗೆ ಒಯ್ದ. ನಮ್ಮ ಗೆಳೆಯರು ಅವನಿಂದ ಇಷ್ಟಾದರೂ ಕಲಿಯಬೇಕು.

“ಊಟದ ಮೇಲಿನ ಹರಟೆ, ಬಿಡಿ” ಅನ್ನಬಹುದು. ಬಿಡಲಾರೆ, ಏಕೆಂದರೆ ಆ ಹರಟೆಯನ್ನು ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆ. ಕರ್ಮಫಲ ಎಂದುಬಿಟ್ಟರೆ, ಅಂದು ರಾತ್ರಿ ಊರು ಲೂಟಿಯಾದಾಗ ಎಲ್ಲ ಕಳೆದುಕೊಂಡವರು ಅದಕ್ಕೆ ತಕ್ಕವರಾಗಿದ್ದರು ಎಂದ ಹಾಗಾಯಿತು. ಲೂಟಿಯ ಪಾಲನ್ನು ದರ್ಜೆಗೆ ತಕ್ಕಂತೆ ಹಂಚಿಕೊಂಡ ದಂಡಿನವರು ವಿಧಿಯ ಗುಮಾಸ್ತರಾದರು. ದ್ರೋಹಿ ಮತ್ತೆ ಹುಟ್ಟಿದ್ದಾನೆ ಎಂದರೆ, ಇವತ್ತು ಬದುಕಿರುವ ಯಾವನೋ ಪಾಪದವನ ಕಡೆ ಬೆರಳು ತೋರಿಸುವುದು ಎಷ್ಟು ಸುಲಭ! ಆರೋಪಿ ತಾನು ಹಿಂದಿನ ಜನ್ಮದಲ್ಲಿ ಅಲ್ಲಿರಲಿಲ್ಲ ಎಂದು ಹೇಗೆ ಸಾಬೀತು ಮಾಡಬೇಕು?

ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿ ಇದೆ. ಒಳಗೆ ಹೋಗಲು ಟಿಕೆಟ್ ಬೇಕಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ. ಅದು ಇಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ, ಒಪ್ಪಂದ, ದಂಡ, ಅಕ್ಕಿ, ಒಡೆದ ಗೋಡೆ, ಲೂಟಿ, ಎಲ್ಲ ಹೇಳಿ. ಶನಿಯ ಹೆಸರೆತ್ತಬೇಡಿ.