ಎಣಿಸಿ ಹೆಣೆಯುವ ಕೈ

ಉಣ್ಣೆಯ ಹೆಣಿಗೆಯನ್ನು ಕಲಿಯಹೊರಟವರು ಹೆಣೆಯುವುದಕ್ಕಿಂತ ಮೊದಲು ಬಿಚ್ಚುವುದನ್ನು ಕಲಿಯುತ್ತಾರೆ. ಕಳೆದ ಬೇಸಗೆಯ ರಜೆಯಲ್ಲಿ ಸೋದರತ್ತೆಯವರ ಬಳಿ ಎರಡು ಕಡ್ಡಿ, ಒಂದು ನೂಲಿನುಂಡೆ ಹಿಡಿದು ಕುಳಿತಾಗ ನಮಗೆ ಈ ಅನುಭವವಾಯಿತು. ಮೂವತ್ತು ಕುಣಿಕೆಗಳಿಂದ ಮೊದಲಾದ ಪಟ್ಟಿ ಹತ್ತನೆಯ ಸಾಲಿಗೆ ಇಪ್ಪತ್ತೇಳಕ್ಕೆ ಇಳಿದಿತ್ತು. ಜಾರಿದ ಕುಣಿಕೆಯನ್ನು ಗಮನಿಸದೆ ಮುಂದುವರಿದರೆ ಅದು ಸಾಲುಸಾಲಾಗಿ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. “ಸಾಲು ಮುಗಿದ ಕೂಡಲೇ ಎಣಿಸಪ್ಪಾ; ಆಮೇಲೆ ಕಡ್ಡಿ ತಿರುಗಿಸು” ಎಂದರು ಅತ್ತೆ.

ಅದೇ ದಿನಗಳಲ್ಲಿ ಒಂದು ಸಂಜೆ, ಅಂತರಜಾಲದ ಸುದ್ದಿತಾಣವೊಂದರಲ್ಲಿ ಹಳ್ಳಿಯ ಶಾಲೆಯೊಂದರ ಫಲಿತಾಂಶ ಕುಸಿದ ವಾರ್ತೆಯ ತಲೆಬರಹವನ್ನಷ್ಟೇ ನೋಡಿ, ಅಧ್ಯಾಪಕರ ಸೋಮಾರಿತನವನ್ನು ಹಳಿದು ಅದರಡಿಯಲ್ಲಿ ನಾಲ್ಕು ಸಾಲು ಬರೆದೆವು. ಗಣಿತದ ಹುದ್ದೆ ಎರಡು ವರ್ಷಗಳಿಂದ ಖಾಲಿ ಬಿದ್ದಿದೆಯೆಂಬ ಸಂಗತಿ ವಾರ್ತೆಯ ಕೊನೆಯಲ್ಲಿತ್ತು. ಆ ಶಾಲೆಯಲ್ಲಿ ಕನ್ನಡ ಕಲಿಸುವವಳು ನಮ್ಮ ಹಳೆಯ ವಿದ್ಯಾರ್ಥಿನಿ. “ಸರ್, ನೀವೂ ಪೂರ್ತಿ ಓದಲಿಲ್ಲವೆ?” ಎಂದಷ್ಟೇ ಕೇಳಿದಳು. ಬರೆದುದನ್ನು ಅಳಿಸಿ ಕ್ಷಮೆ ಬೇಡಿದೆವು. ಅವಳು ಓದಿ ನೊಂದದ್ದನ್ನು ಅಳಿಸುವ ಉಪಾಯ ನಮ್ಮಲ್ಲಿರಲಿಲ್ಲ.

ಇಂಥ ಆತುರಕ್ಕೆ ಬೇಸತ್ತ ಕೆಲವು ಸಂಸ್ಥೆಗಳು ಬಾಗಿಲನ್ನೇ ಮುಚ್ಚಿವೆ. ಅಮೆರಿಕದ ಸಾರ್ವಜನಿಕ ರೇಡಿಯೋ ಸಂಸ್ಥೆಯಾದ ಎನ್.ಪಿ.ಆರ್. 2016ರ ಆಗಸ್ಟಿನಲ್ಲಿ ತನ್ನ ತಾಣದ ವಾಚಕಾಭಿಪ್ರಾಯದ ವಿಭಾಗವನ್ನು ನಿಲ್ಲಿಸಿತು. ಅದರ ಹಿಂದಿನ ತಿಂಗಳು ಆ ತಾಣಕ್ಕೆ ಬಂದವರು ಸುಮಾರು 3 ಕೋಟಿ 30 ಲಕ್ಷ; ಅಲ್ಲಿ ಬರೆದವರು ಕೇವಲ 19,400 ಮಂದಿ; ಅವರು ಬರೆದ ಅಭಿಪ್ರಾಯಗಳು 4,91,000. ಕೆಲವರ ಗದ್ದಲವನ್ನು ಲೋಕಾಭಿಪ್ರಾಯವೆಂದು ಬಗೆಯಲಾಗದು, ನಿಜ. ಆದರೆ ಬಾಗಿಲು ಮುಚ್ಚಿದಾಗ ಬೈಯುವವನ ಜೊತೆಗೆ ಪತ್ರಿಕೆಯ ತಪ್ಪನ್ನು ತಿದ್ದಬಲ್ಲವನೂ ಹೊರಗುಳಿಯುತ್ತಾನೆ. ಕುಣಿಕೆ ಜಾರಿತೆಂದು ಅತ್ತೆ ನಮ್ಮ ಕೈಯಿಂದ ಕಡ್ಡಿಯನ್ನು ಕಿತ್ತುಕೊಳ್ಳಲಿಲ್ಲ.

ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆಯ ತಂತ್ರಜ್ಞಾನ ತಾಣವಾದ ಎನ್.ಆರ್.ಕೆ. ಬೀಟಾ 2017ರಲ್ಲಿ ಬೇರೊಂದು ಮಾರ್ಗ ಹಿಡಿಯಿತು. ಕೆಲವು ಲೇಖನಗಳ ಕೆಳಗೆ ಅಭಿಪ್ರಾಯ ಬರೆಯಬಯಸುವವರು ಆ ಲೇಖನವನ್ನೇ ಕುರಿತ ಮೂರು ಪ್ರಶ್ನೆಗಳಿಗೆ ಸರಿಯುತ್ತರ ಕೊಡಬೇಕಾಗಿತ್ತು. ಯಾರ ಬಾಯನ್ನೂ ಕಟ್ಟದೆ, ಓದಿದ್ದೀರಾ ಎಂದಷ್ಟೇ ಕೇಳುವ ಈ ಕ್ರಮ ನಮ್ಮ ಅತ್ತೆಯವರ ಎಣಿಕೆಯಂಥದೇ. ಕನ್ನಡದ ಸುದ್ದಿತಾಣಗಳೂ ಇದನ್ನು ಪ್ರಯೋಗಿಸಿ ನೋಡಬಹುದು.

ಓದಿಯೂ ಬೈಯುವವನನ್ನು ಮೂರು ಪ್ರಶ್ನೆಗಳು ತಡೆಯಲಾರವು. ಆ ಸಂಸ್ಕಾರ ತರಗತಿಯಲ್ಲಿ ಬೆಳೆಯಬೇಕು. ಕೃತಿಯನ್ನು ಕೊನೆಯವರೆಗೆ ಓದದೆ ವಿಮರ್ಶೆ ಬರೆದ ವಿದ್ಯಾರ್ಥಿಯನ್ನು ನಾವು ಗದರಿಸುತ್ತೇವೆ. ಕವಿಗೆ ಸಲ್ಲಿಸುವ ಆ ಮರ್ಯಾದೆಯನ್ನು ವಾರ್ತೆಯಲ್ಲಿ ಹೆಸರು ಬಂದ ಬಡ ಅಧ್ಯಾಪಕನಿಗೂ ಸಲ್ಲಿಸಬೇಕಾದುದು ನ್ಯಾಯ. ಈ ಪಾಠವನ್ನು ನಾವು ವಿದ್ಯಾರ್ಥಿಗಳಿಗೆ ಹೇಳುವ ಮೊದಲು ಕಲಿಯಬೇಕಾಗಿತ್ತು, ತಡವಾಗಿ ಕಲಿತೆವು.

ಆ ಪಟ್ಟಿ ಇನ್ನೂ ಮುಗಿದಿಲ್ಲ. ಈಗ ಪ್ರತಿ ಸಾಲಿನ ಕೊನೆಗೂ ಎಣಿಸುತ್ತೇವೆ. ಕುಣಿಕೆಗಳು ಮೂವತ್ತೇ ಇವೆ.