ಸ್ಪೀಕರ್ ನಿಮ್ಮದು, ಕೀಲಿಕೈ ಕಂಪನಿಯದು!

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಅಮೆರಿಕದ ಉಳ್ಳವರಿಗೂ ಸಲ್ಲುತ್ತದೆ ಎಂಬುದು 2024ರಲ್ಲಿ ಸಾಬೀತಾಯಿತು. ಸಾಬೀತು ಮಾಡಿದ್ದು ಕ್ಯಾಲಿಫೋರ್ನಿಯಾದ ಸೋನೋಸ್ ಕಂಪನಿ. ಮನೆಯ ಕೋಣೆ ಕೋಣೆಗೂ ತಂತಿಯಿಲ್ಲದೆ ಹಾಡು ಕೇಳಿಸುವ ಸ್ಪೀಕರ್ ಮಾರುವುದು ಇದರ ಕಸುಬು. ಬೆಲೆಯೇನು ಕಮ್ಮಿಯಲ್ಲ. ಟಿವಿ ಕೆಳಗಿಡುವ ಇದರ ದೊಡ್ಡ ಸೌಂಡ್‌ಬಾರ್ ಒಂದಕ್ಕೇ 2024ರಲ್ಲಿ 999 ಡಾಲರ್, ಅಂದರೆ 80 ಸಾವಿರ ರೂಪಾಯಿಗೂ ಮೇಲೆ ಇತ್ತು.

ಹಳೇ ರೇಡಿಯೋಗೆ ತಿರುಪು ಇತ್ತು. ತಿರುವಿದರೆ ಹಾಡುತ್ತಿತ್ತು. ಕೆಟ್ಟರೆ ಪೇಟೆಯ ರಿಪೇರಿಯವನು ಬಿಚ್ಚಿ ಬೆಸುಗೆ ಹಾಕಿ ಕೊಡುತ್ತಿದ್ದ. ಈ ಸ್ಪೀಕರ್ ಹಾಗಲ್ಲ. ಅದರಿಂದ ಪೂರ್ತಿ ಕೆಲಸ ತೆಗೆಸಬೇಕಾದರೆ ಮೊಬೈಲಿನಲ್ಲಿ ಕಂಪನಿಯ ಆ್ಯಪ್ ಇರಲೇಬೇಕು.

ಆದದ್ದೇನು?

2024ರ ಮೇ 7ರಂದು ಕಂಪನಿ ಹಳೇ ಆ್ಯಪ್ ತೆಗೆದು ಹೊಸದನ್ನು ಕೂರಿಸಿತು. ಬೆಳಿಗ್ಗೆ ಎಬ್ಬಿಸುವ ಅಲಾರಂ ಹೊಂದಿಸೋಣ ಎಂದರೆ ಅದಿಲ್ಲ. ಮಲಗುವಾಗ ತಾನಾಗಿ ನಿಲ್ಲುವ ಟೈಮರ್ ಇಲ್ಲ. ಹಾಡಿನ ಸಾಲನ್ನು ಹಿಂದೆಮುಂದೆ ಮಾಡಲು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಸ್ಪೀಕರೇ ಆ್ಯಪಿನ ಕಣ್ಣಿಗೆ ಬೀಳದೆ ಹೋಯಿತು. ದೃಷ್ಟಿಯಿಲ್ಲದ ಗ್ರಾಹಕರ ಪಾಡಂತೂ ಕೇಳುವುದೇ ಬೇಡ.

ಹೊಸದು ಬೇಡ, ಹಳೇದನ್ನೇ ಕೊಡ್ರಪ್ಪಾ ಎಂದು ಜನ ಕೂಗಿದರು. ಹಾಗೆ ಮಾಡಿದರೆ ತೊಂದರೆ ಇನ್ನೂ ಹೆಚ್ಚುತ್ತದೆ ಎಂದು ಆಗಸ್ಟ್‌ನಲ್ಲಿ ಉತ್ತರ ಬಂತು! ಜುಲೈನಲ್ಲೇ ಕಂಪನಿಯ ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಬಹಿರಂಗವಾಗಿ ಕ್ಷಮೆ ಕೇಳಿದ್ದರು. ರಿಪೇರಿಗೆ 2ರಿಂದ 3 ಕೋಟಿ ಡಾಲರ್ ಬೇಕಾಗುತ್ತದೆ ಎಂದು ಕಂಪನಿಯೇ ಲೆಕ್ಕ ಕೊಟ್ಟಿತು. ಅದೇ ಆಗಸ್ಟ್‌ನಲ್ಲಿ ಸುಮಾರು 100 ನೌಕರರು ಮನೆಗೆ ಹೋದರು. 2025ರ ಜನವರಿಯಲ್ಲಿ ಸ್ಪೆನ್ಸ್ ಕೂಡ ಕುರ್ಚಿ ಬಿಟ್ಟರು.

ಇದು ಅವರ ಮೊದಲ ಕ್ಷಮಾಪಣೆಯೂ ಅಲ್ಲ. ಹಳೇ ಮಾಡೆಲ್‌ಗಳಿಗೆ ಇನ್ನು ಹೊಸ ತಂತ್ರಾಂಶ ಕೊಡೋದಿಲ್ಲ ಎಂದು 2020ರ ಜನವರಿಯಲ್ಲಿ ಸಾರಿ, ಜನ ರೇಗಿದ ಮೇಲೆ ಆಗಲೂ ಕ್ಷಮೆ ಕೇಳಿದ್ದರು.

ಯಾಕೆ ಹೀಗೆ?

ಪೆಟ್ಟಿಗೆ ಮಾರಿದಾಗ ದುಡ್ಡು ಒಂದೇ ಸಲ ಬರುತ್ತದೆ. ತಂತ್ರಾಂಶವನ್ನಾದರೋ ವರ್ಷಗಟ್ಟಲೆ ಸಾಕಬೇಕು. ಹಳೇ ಗಿರಾಕಿಯನ್ನು ನೋಡಿಕೊಳ್ಳುವುದು ಖರ್ಚಿನ ಬಾಬ್ತು, ಹೊಸ ಮಾಲು ವರಮಾನದ ಬಾಬ್ತು. ಆ ವರ್ಷದ ಜೂನ್‌ನಲ್ಲಿ ಸೋನೋಸ್‌ನ 449 ಡಾಲರ್ ಹೆಡ್‌ಫೋನ್ ಅಂಗಡಿಗೆ ಬರುವುದಿತ್ತು. ಅದಕ್ಕೆ ಹೊಸ ಆ್ಯಪೇ ಬೇಕಿತ್ತು. ಬೇಯದ ಅನ್ನವನ್ನೇ ಬಡಿಸಿದರು. ಉಂಡವರು ಹಳೇ ಗಿರಾಕಿಗಳು.

ನಮ್ಮ ಪೇಟೆಯ ಮಾತು

ದೂರದ ಅಮೆರಿಕದ ಕಥೆ ನಮಗ್ಯಾಕೆ ಎನ್ನುವ ಹಾಗಿಲ್ಲ. ಇಂದು ನಮ್ಮ ಪೇಟೆಯಲ್ಲೂ ಸೌಂಡ್‌ಬಾರ್, ಟಿವಿ, ಕೈಗಡಿಯಾರಗಳು ಆ್ಯಪ್ ಕೇಳುತ್ತಿವೆ. ಆ್ಯಪ್ ಕೈಕೊಟ್ಟರೆ ಗಿರಾಕಿ ಬಂದು ನಿಲ್ಲುವುದು ಅಂಗಡಿಯವನ ಎದುರಿಗೆ. ಕಂಪನಿಯ ತಂತ್ರಾಂಶ ತಿದ್ದಲು ಅವನ ಕೈಯಲ್ಲಿ ಏನಿದೆ?

ತಂತ್ರಾಂಶ ಬೇಕಾಗುವ ಮಾಲು ಮಾರಿದವರು ನ್ಯಾಯವಾಗಿ ನಿರೀಕ್ಷಿಸಬಹುದಾದಷ್ಟು ಕಾಲ ಅದನ್ನು ಪೂರೈಸಬೇಕು ಎಂದು ಯುರೋಪ್ ಒಕ್ಕೂಟ 2019ರಲ್ಲೇ ಕಾನೂನು ಮಾಡಿದೆ. ಅದೇ ವರ್ಷದ ನಮ್ಮ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದೋಷದ ಮಾಲಿಗೆ ಜಿಲ್ಲಾ ಆಯೋಗದ ಬಾಗಿಲಿದೆ. 1915ಕ್ಕೆ ಫೋನ್ ಮಾಡಿ ದೂರು ಹೇಳಲೂ ಬಹುದು. ಆದರೆ ಇಷ್ಟು ವರ್ಷ ತಂತ್ರಾಂಶ ಕೊಡಲೇಬೇಕು ಎಂಬ ಮಾತು ಆ ಕಾಯಿದೆಯಲ್ಲಿಲ್ಲ. ಕೇಂದ್ರ ಸರಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, 2024ರಲ್ಲಿ ರಿಪೇರಿ ಸೂಚ್ಯಂಕಕ್ಕೆ ಸಮಿತಿ ಮಾಡಿತು. ಸಮಿತಿಯಿಂದ ಹಾಡು ಕೇಳಿಸುವುದಿಲ್ಲವಲ್ಲ!

ಅಲ್ಲಿಯವರೆಗೆ ಕೊಳ್ಳುವವರು ಎರಡು ಪ್ರಶ್ನೆ ಕೇಳುವುದು ಕ್ಷೇಮ. ಆ್ಯಪ್ ಇಲ್ಲದಿದ್ದರೂ ಇದು ನಡೆಯುತ್ತದೆಯೇ? ತಂತ್ರಾಂಶ ಎಷ್ಟು ವರ್ಷ ಕೊಡುತ್ತೀರಿ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಅಂಗಡಿಯವರೂ ಅದನ್ನೇ ಕಂಪನಿಯ ಏಜೆಂಟನಿಂದ ಮೊದಲು ಬರೆಸಿಕೊಳ್ಳುವುದು ಒಳ್ಳೆಯದು. ಬರೆದುಕೊಡಲು ಹಿಂಜರಿಯುವ ಕಂಪನಿಯ ಮಾಲಿಗೆ 80 ಸಾವಿರ ಸುರಿಯುವ ಮುಂಚೆ ಇನ್ನೊಮ್ಮೆ ಯೋಚಿಸಲಿ.